ತಪ್ಪು ಗೊತ್ತು, ಮದ್ದು ಗೊತ್ತಿಲ್ಲ: ಜಿಎನ್‌ಇ ಮಯೋಪತಿಯ ವಂಶವಾಹಿ ಲೆಕ್ಕ

ಇಪ್ಪತ್ತೈದು, ಮೂವತ್ತರ ವಯಸ್ಸು. ಅಲ್ಲಿಯವರೆಗೆ ಓಟಕ್ಕಾಗಲಿ ಕೆಲಸಕ್ಕಾಗಲಿ ಯಾವ ಅಡ್ಡಿಯೂ ಇರಲಿಲ್ಲ. ಈಗ ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರುತ್ತದೆ, ಸಮತಟ್ಟಾದ ನೆಲದಲ್ಲೇ ಹೆಬ್ಬೆರಳು ತಗುಲಿ ಎಡವುವಂತಾಗುತ್ತದೆ. ಪಾದದ ಮುಂಭಾಗವನ್ನು ಮೇಲಕ್ಕೆತ್ತುವ ಸ್ನಾಯು ಸೋಲುತ್ತಿದೆ ಎಂಬುದು ಆಗ ಯಾರಿಗೂ ಹೊಳೆಯುವುದಿಲ್ಲ. ಬೆನ್ನಿನ ಡಿಸ್ಕ್ ಜಾರಿರಬೇಕು ಎನ್ನುತ್ತಾರೆ ಒಬ್ಬರು. ನರದ ತೊಂದರೆ ಎನ್ನುತ್ತಾರೆ ಇನ್ನೊಬ್ಬರು. ವಿಟಮಿನ್ ಮಾತ್ರೆ ಬರೆದು ಕಳಿಸುತ್ತಾರೆ ಮತ್ತೊಬ್ಬರು. ಕೆಲವು ವರ್ಷಗಳಲ್ಲಿ ದೌರ್ಬಲ್ಯ ಮೇಲಕ್ಕೇರುತ್ತದೆ: ತೊಡೆಯ ಹಿಂಭಾಗ, ಸೊಂಟ, ಆಮೇಲೆ ಕೈಬೆರಳು, ಭುಜ. ಶುರುವಾದ ಹತ್ತು ಇಪ್ಪತ್ತು ವರ್ಷಗಳಲ್ಲಿ ಬಹಳಷ್ಟು ಮಂದಿಗೆ ಗಾಲಿಕುರ್ಚಿ ಅನಿವಾರ್ಯವಾಗುತ್ತದೆ. ಇಷ್ಟೆಲ್ಲದರ ನಡುವೆ ತೊಡೆಯ ಮುಂಭಾಗದ ದೊಡ್ಡ ಸ್ನಾಯು ಮಾತ್ರ ಬಹುಕಾಲ ಗಟ್ಟಿಯಾಗಿಯೇ ಉಳಿದಿರುತ್ತದೆ. ಒಂದೇ ಕಾಲು, ಒಂದೇ ರಕ್ತ, ಒಂದೇ ವಂಶವಾಹಿ. ಆದರೂ ಒಂದು ಸ್ನಾಯು ಸವೆಯುತ್ತದೆ, ಅದರ ನೆರೆಯದು ಉಳಿಯುತ್ತದೆ. ಏಕೆ ಎಂಬುದಕ್ಕೆ ವಿಜ್ಞಾನದಲ್ಲಿ ಇಂದಿಗೂ ಖಚಿತ ಉತ್ತರವಿಲ್ಲ.

ಇದು ಜಿಎನ್‌ಇ ಮಯೋಪತಿ. ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ಒಂಬತ್ತು ಮಂದಿಗೆ ಬರಬಹುದೆಂಬ ಅಂದಾಜಿರುವ ಅಪರೂಪದ ಆನುವಂಶಿಕ ಸ್ನಾಯುರೋಗ. ಜಿಎನ್‌ಇ ಎಂಬ ವಂಶವಾಹಿಯ ಎರಡು ಪ್ರತಿಗಳು, ತಾಯಿಯಿಂದ ಬಂದದ್ದು, ತಂದೆಯಿಂದ ಬಂದದ್ದು, ಎರಡೂ ಕೆಟ್ಟಿದ್ದರೆ ಮಾತ್ರ ಕಾಯಿಲೆ. ಒಂದೇ ಕೆಟ್ಟಿದ್ದರೆ ಆ ವ್ಯಕ್ತಿ ವಾಹಕ. ಅವರಿಗೆ ಏನೂ ಆಗುವುದಿಲ್ಲ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ಶೇ. 25ರಷ್ಟು ಸಾಧ್ಯತೆ, ಗಂಡೋ ಹೆಣ್ಣೋ ಎಂಬ ಭೇದವಿಲ್ಲದೆ.

ಈ ಕಾಯಿಲೆಯನ್ನು ಆಯ್ದುಕೊಂಡು ಬರೆಯುವುದಕ್ಕೆ ಕಾರಣವಿದೆ. ಕಾಯಿಲೆಯ ಹಿಂದಿರುವ ವಂಶವಾಹಿ ಸಿಕ್ಕಿಬಿಟ್ಟರೆ ಮದ್ದು ಹಿಂದೆಯೇ ಬರುತ್ತದೆ ಎಂಬ ನಂಬಿಕೆಯೊಂದು ಪತ್ರಿಕೆಗಳಲ್ಲೂ ಆಸ್ಪತ್ರೆಗಳ ಜಾಹೀರಾತುಗಳಲ್ಲೂ ಬೇರೂರಿದೆ. ಜಿಎನ್‌ಇ ವಂಶವಾಹಿ ಸಿಕ್ಕಿದ್ದು 2001ರಲ್ಲಿ. ಅದು ತಯಾರಿಸುವ ಕಿಣ್ವ ಏನು ಮಾಡುತ್ತದೆ ಎಂಬುದು ಅದಕ್ಕೂ ಮುಂಚೆಯೇ ಗೊತ್ತಿತ್ತು. ಯಾವ ವಸ್ತುವಿನ ಕೊರತೆಯಾಗುತ್ತದೆ ಎಂಬುದೂ ಗೊತ್ತು, ಆ ವಸ್ತುವನ್ನು ಮಾತ್ರೆ ಮಾಡಿ ಕೊಡುವುದೂ ಸಾಧ್ಯ. ಇಷ್ಟು ನೇರವಾದ ದಾರಿಯಿದ್ದೂ ಕಾಲು ಶತಮಾನದಲ್ಲಿ ನಾವು ತಲುಪಿರುವುದು ಅರ್ಧ ದಾರಿ. ಹಾಗೆಂದು ಆ ಶೋಧ ವ್ಯರ್ಥವಾಯಿತೇ? ಇಲ್ಲ. ಅದರಿಂದ ಆಗಬಹುದಾದ ಬೇರೆ ಉಪಯೋಗಗಳಿವೆ, ಅವನ್ನು ಭಾರತದಲ್ಲಿ ನಾವು ಸರಿಯಾಗಿ ಮಾಡಿಕೊಳ್ಳುತ್ತಿಲ್ಲ ಎಂಬುದು ನನ್ನ ವಾದ.

ಕಾಯಿಲೆ ಪತ್ತೆಯಾದ ಬಗೆಯೇ ಸ್ವಾರಸ್ಯಕರ. 1981ರಲ್ಲಿ ಜಪಾನಿನ ನೊನಾಕಾ ಮತ್ತು ಸಂಗಡಿಗರು ಪಾದದ ಕಡೆಯಿಂದ ಶುರುವಾಗುವ ಒಂದು ಸ್ನಾಯುರೋಗವನ್ನು ವರ್ಣಿಸಿದರು. ಸ್ನಾಯುವಿನ ಚೂರನ್ನು ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟಾಗ, ಕೋಶಗಳೊಳಗೆ ಅಂಚಿಗೆ ಬಣ್ಣ ಕಟ್ಟಿದ ಪೊಳ್ಳುಗಳು ಕಾಣಿಸುತ್ತಿದ್ದವು. ಮೂರು ವರ್ಷಗಳ ಬಳಿಕ, 1984ರಲ್ಲಿ, ಜೆರುಸಲೇಮಿನ ಅರ್ಗೋವ್ ಮತ್ತು ಯಾರೋಂ ಇರಾನಿ ಮೂಲದ ಯಹೂದಿ ಕುಟುಂಬಗಳಲ್ಲಿ ತೊಡೆಯ ಮುಂಭಾಗವನ್ನು ಬಿಟ್ಟು ಉಳಿದ ಕಾಲನ್ನೆಲ್ಲ ಹಿಡಿಯುವ ಒಂದು ಕಾಯಿಲೆಯ ಬಗ್ಗೆ ಬರೆದರು. ಅಲ್ಲೂ ಅದೇ ಪೊಳ್ಳುಗಳು. ಒಂದು ಟೋಕಿಯೋ ಕಡೆಯದು, ಒಂದು ಟೆಹ್ರಾನ್ ಕಡೆಯದು; ಎರಡಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಸಂಶೋಧಕರ ಗುಂಪು. 2001ರಲ್ಲಿ ಜೆರುಸಲೇಮಿನ ಸ್ಟೆಲ್ಲಾ ಮಿತ್ರಾನಿ-ರೋಸೆನ್‌ಬೌಮ್ ಅವರ ತಂಡ ಇರಾನಿ ಯಹೂದಿಗಳ ಕಾಯಿಲೆಗೆ ಒಂಬತ್ತನೇ ವರ್ಣತಂತುವಿನಲ್ಲಿರುವ ಜಿಎನ್‌ಇ ವಂಶವಾಹಿಯೇ ಕಾರಣ ಎಂದು ತೋರಿಸಿತು. ಮರುವರ್ಷವೇ ಜಪಾನಿನ ರೋಗಿಗಳಲ್ಲೂ ಅದೇ ವಂಶವಾಹಿ ಕೆಟ್ಟಿರುವುದು ಗೊತ್ತಾಯಿತು. ಎರಡು ಎಂದುಕೊಂಡದ್ದು ಒಂದೇ ಆಗಿತ್ತು.

ಜಿಎನ್‌ಇ ತಯಾರಿಸುವ ಕಿಣ್ವಕ್ಕೆ ಎರಡು ತುದಿ, ಎರಡು ಕೆಲಸ. ನಮ್ಮ ಜೀವಕೋಶಗಳು ಸಯಾಲಿಕ್ ಆಮ್ಲ ಎಂಬ ಸಕ್ಕರೆಯ ಜಾತಿಯ ವಸ್ತುವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಆ ತಯಾರಿಕೆಯ ಮೊದಲ ಹೆಜ್ಜೆ ಕಿಣ್ವದ ಒಂದು ತುದಿಯಲ್ಲಿ, ಎರಡನೆಯದು ಇನ್ನೊಂದು ತುದಿಯಲ್ಲಿ ನಡೆಯುತ್ತದೆ. ಕೋಶದ ಹೊರಮೈಯಲ್ಲಿರುವ ಪ್ರೋಟೀನುಗಳ ಸಕ್ಕರೆ ಸರಪಳಿಗಳ ಕಟ್ಟಕಡೆಯಲ್ಲಿ ಸಯಾಲಿಕ್ ಆಮ್ಲ ಕುಳಿತಿರುತ್ತದೆ. ಕೋಶಕೋಶಗಳ ನಡುವಿನ ಗುರುತು, ಅಂಟಿಕೆ, ಸಂಕೇತಗಳಲ್ಲಿ ಅದರ ಪಾತ್ರವಿದೆ. ಅದು ಕಡಿಮೆಯಾದರೆ ಸ್ನಾಯುಕೋಶಕ್ಕೆ ಕೇಡು ಎಂಬುದು ಈಗ ಹೆಚ್ಚು ಮಂದಿ ಒಪ್ಪಿರುವ ವಿವರಣೆ.

ಈ ವಂಶವಾಹಿಯಲ್ಲಿ ಈವರೆಗೆ ಇನ್ನೂರಕ್ಕೂ ಹೆಚ್ಚು ರೂಪಾಂತರಗಳು ದಾಖಲಾಗಿವೆ. ಅವುಗಳಲ್ಲಿ ಬಹುಪಾಲು ಒಂದೇ ಬಗೆಯವು: ಡಿಎನ್‌ಎಯ ಒಂದು ಅಕ್ಷರ ಬದಲಾಗಿ, ಕಿಣ್ವದಲ್ಲಿ ಒಂದು ಅಮೈನೋ ಆಮ್ಲದ ಜಾಗಕ್ಕೆ ಇನ್ನೊಂದು ಬಂದು ಕೂರುವುದು. ಕಿಣ್ವ ತಯಾರಾಗುತ್ತದೆ, ಕೆಲಸವನ್ನೂ ಮಾಡುತ್ತದೆ, ಆದರೆ ಕುಂಟುತ್ತ. ಡುಶೆನ್ ಸ್ನಾಯುಕ್ಷಯದಂತಹ ಕಾಯಿಲೆಯಲ್ಲಿ ವಂಶವಾಹಿಯ ದೊಡ್ಡ ತುಂಡುಗಳೇ ಬಿಟ್ಟುಹೋಗಿ ಪ್ರೋಟೀನು ಹೆಚ್ಚುಕಡಿಮೆ ಇಲ್ಲವೇ ಆಗುತ್ತದೆ, ಇಲ್ಲಿ ಹಾಗಲ್ಲ. ಕಾರಣ ಸರಳವಾಗಿದೆ, ಸ್ವಲ್ಪ ಕ್ರೂರವಾಗಿಯೂ ಇದೆ. ಜಿಎನ್‌ಇ ಪೂರ್ತಿ ಇಲ್ಲದ ಇಲಿಮರಿಗಳು ಭ್ರೂಣಾವಸ್ಥೆಯಲ್ಲೇ ಸಾಯುತ್ತವೆ. ಮನುಷ್ಯರಲ್ಲೂ ಎರಡೂ ಪ್ರತಿಗಳು ಸಂಪೂರ್ಣ ನಿಷ್ಕ್ರಿಯವಾದರೆ ಮಗು ಹುಟ್ಟುವ ಹಂತಕ್ಕೆ ಬರಲಾರದು ಎಂದೇ ತಿಳಿಯಬೇಕು. ಅಂದರೆ ನಮ್ಮ ಕಣ್ಣಿಗೆ ಬೀಳುವ ಪ್ರತಿಯೊಬ್ಬ ರೋಗಿಯಲ್ಲೂ ಕಿಣ್ವದ ಒಂದಿಷ್ಟು ಶಕ್ತಿ ಉಳಿದಿದೆ. ಬದುಕಲು ಸಾಕಾಗುವಷ್ಟು, ಸ್ನಾಯುವಿಗೆ ಜೀವನಪೂರ್ತಿ ಸಾಲದಷ್ಟು. ಕಾಯಿಲೆ ಎರಡು ಮೂರು ದಶಕ ತಡೆದು ಬರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಇದೇ ವಂಶವಾಹಿಯ ಬೇರೊಂದು ಜಾಗ ಕೆಟ್ಟರೆ ಆಗುವುದು ನೇರ ವಿರುದ್ಧ. ಸಯಾಲಿಕ್ ಆಮ್ಲ ಸಾಕಷ್ಟಾದಾಗ ಕಿಣ್ವವನ್ನು ನಿಲ್ಲಿಸುವ ಒಂದು ಕಡಿವಾಣವಿದೆ. ಅದು ತಪ್ಪಿದರೆ ತಯಾರಿಕೆ ಎಗ್ಗಿಲ್ಲದೆ ಸಾಗಿ ಮೂತ್ರದಲ್ಲಿ ಸಯಾಲಿಕ್ ಆಮ್ಲ ಹರಿದುಹೋಗುತ್ತದೆ. ಸಯಾಲೂರಿಯಾ ಎಂಬ ಆ ಕಾಯಿಲೆ ಇನ್ನೂ ಅಪರೂಪದ್ದು. ಅದಕ್ಕೆ ಒಂದು ಪ್ರತಿ ಕೆಟ್ಟರೂ ಸಾಕು. ‘ಇಂಥ ವಂಶವಾಹಿ, ಆದ್ದರಿಂದ ಇಂಥ ಕಾಯಿಲೆ’ ಎಂದು ಗೆರೆ ಎಳೆದು ಹೇಳುವವರು ಈ ಒಂದು ಉದಾಹರಣೆಯನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಈಗ ರೂಪಾಂತರಗಳ ಭೂಗೋಳಕ್ಕೆ ಬರೋಣ. ಈ ಕಾಯಿಲೆಯ ಹುರುಳು ಇರುವುದು ಅಲ್ಲಿಯೇ. ಇರಾನಿ ಯಹೂದಿಗಳಲ್ಲಿ ಹೆಚ್ಚುಕಡಿಮೆ ಎಲ್ಲ ರೋಗಿಗಳದೂ ಒಂದೇ ರೂಪಾಂತರ: ಕಿಣ್ವದ 743ನೇ ಸ್ಥಾನದಲ್ಲಿ ಮೆಥಿಯೋನೀನ್ ಬದಲು ಥ್ರಿಯೋನೀನ್. ಅದು ಮಧ್ಯಪ್ರಾಚ್ಯದ ಕೆಲವು ಅರಬ್ ಮುಸ್ಲಿಂ ಕುಟುಂಬಗಳಲ್ಲೂ ಸಿಕ್ಕಿದೆ. ಧರ್ಮಗಳು ಕವಲೊಡೆದ ಮೇಲೂ ವಂಶವಾಹಿ ತನ್ನ ಹಳೆಯ ನೆಂಟಸ್ತಿಕೆ ಬಿಟ್ಟಿಲ್ಲ. ಜಪಾನಿನಲ್ಲಿ 603 ಮತ್ತು 207ನೇ ಸ್ಥಾನಗಳ ಎರಡು ರೂಪಾಂತರಗಳು ಮುಖ್ಯ. ಬಲ್ಗೇರಿಯಾದ ರೋಮಾ ಸಮುದಾಯದಲ್ಲಿ 618ನೇ ಸ್ಥಾನದ್ದು. ಭಾರತದಲ್ಲಿ ಅತಿ ಹೆಚ್ಚು ಕಾಣುವುದು 727ನೇ ಸ್ಥಾನದಲ್ಲಿ ವ್ಯಾಲೀನ್ ಹೋಗಿ ಮೆಥಿಯೋನೀನ್ ಬಂದಿರುವುದು. ಡಿಎನ್‌ಎಯ ಲೆಕ್ಕದಲ್ಲಿ ಹೇಳುವುದಾದರೆ 2179ನೇ ಜಾಗದಲ್ಲಿ ‘ಜಿ’ ಇರಬೇಕಾದಲ್ಲಿ ‘ಎ’. ಇದೇ ಬದಲಾವಣೆ ಥಾಯ್ಲೆಂಡಿನ ರೋಗಿಗಳಲ್ಲೂ ಹೆಚ್ಚಾಗಿ ಕಂಡಿದೆ.

ಒಂದೊಂದು ಜನಸಮುದಾಯಕ್ಕೆ ಒಂದೊಂದು ರೂಪಾಂತರ ಅಂಟಿಕೊಂಡಿರುವುದಕ್ಕೆ ಕಾರಣ ಹವೆಯಲ್ಲ, ಆಹಾರವಲ್ಲ. ಎಂದೋ ಒಬ್ಬ ಪೂರ್ವಜರಲ್ಲಿ ಆ ಬದಲಾವಣೆ ಆಯಿತು. ಅವರ ಸಂತತಿ ಬೆಳೆಯಿತು. ಬೆಳೆದರೂ ಮದುವೆಗಳು ತಮ್ಮತಮ್ಮಲ್ಲೇ ನಡೆದವು. ಆ ಒಂದು ಅಕ್ಷರ ಗುಂಪಿನೊಳಗೇ ಸುತ್ತುತ್ತ ಹೆಚ್ಚು ಹೆಚ್ಚು ಮಂದಿಯಲ್ಲಿ ಸೇರಿಕೊಂಡಿತು. ಒಂದು ಸಮುದಾಯದಲ್ಲಿ ಇಪ್ಪತ್ತರಲ್ಲಿ ಒಬ್ಬರು ವಾಹಕರೆಂದು ಇಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ವಾಹಕರಾಗುವ ಸಾಧ್ಯತೆ ನಾನೂರರಲ್ಲಿ ಒಂದು, ಅವರ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಅದರ ಕಾಲು ಭಾಗ: 1,600ಕ್ಕೆ ಒಂದು. ಇರಾನಿ ಯಹೂದಿಗಳಲ್ಲಿ ಸುಮಾರು 1,500ಕ್ಕೆ ಒಬ್ಬರಿಗೆ ಈ ಕಾಯಿಲೆ ಎಂಬ ಅಂದಾಜು ಈ ಲೆಕ್ಕದ ಆಸುಪಾಸಿನಲ್ಲೇ ಇದೆ. ಜಗತ್ತಿನ ಲೆಕ್ಕದಲ್ಲಿ ಲಕ್ಷಕ್ಕೆ ಒಬ್ಬರೂ ಇಲ್ಲದ ಕಾಯಿಲೆ ಒಂದು ಸಮುದಾಯದ ಒಳಗೆ ಅಪರೂಪವೇ ಅಲ್ಲ.

ಇಲ್ಲಿ ಕರ್ನಾಟಕದಲ್ಲಿ ಪದೇ ಪದೇ ಆಗುವ ಗೊಂದಲವೊಂದನ್ನು ಬಿಡಿಸಬೇಕು. ಆನುವಂಶಿಕ ಕಾಯಿಲೆ ಎಂದ ಕೂಡಲೇ ವೈದ್ಯರು ಕೇಳುವ ಮೊದಲ ಪ್ರಶ್ನೆ ‘ಸಂಬಂಧದಲ್ಲಿ ಮದುವೆಯೇ?’ ಎಂದು. ಕೇಳುವುದು ಸರಿಯೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಕಾಲು ಭಾಗದಷ್ಟು ಮದುವೆಗಳು ರಕ್ತಸಂಬಂಧದಲ್ಲೇ ಆಗುತ್ತವೆ. ಸೋದರಮಾವ ವಾಹಕನಾಗಿದ್ದರೆ ಅಕ್ಕನ ಮಗಳಿಗೂ ಅದೇ ರೂಪಾಂತರ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅತ್ತೆಯ ಮಗ, ಮಾವನ ಮಗಳ ನಡುವೆಯಾದರೆ ಎಂಟರಲ್ಲಿ ಒಂದು. ಹೊರಗಿನ ಮದುವೆಯಲ್ಲಿ ಅದು ನೂರರಲ್ಲಿ ಒಂದಕ್ಕೂ ಕಡಿಮೆಯಿರಬಹುದು. ಆದರೆ ಸಂಬಂಧವಲ್ಲ ಎಂದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ‘ಏಳು ತಲೆಮಾರಿನಿಂದ ನಮಗೂ ಅವರಿಗೂ ನೆಂಟಸ್ತಿಕೆಯೇ ಇಲ್ಲ, ಗೋತ್ರವೂ ಬೇರೆ, ಮತ್ತೆ ಹೇಗೆ ಬಂತು?’ ಎಂದು ಪೋಷಕರು ಕೇಳುವುದುಂಟು. ಗೋತ್ರ ಬೇರೆ, ಜಾತಿ ಒಂದೇ. ಸಾವಿರಾರು ವರ್ಷ ಒಂದೇ ಜಾತಿಯೊಳಗೆ ಮದುವೆಯಾಗುತ್ತ ಬಂದ ಮೇಲೆ ಏಳು ತಲೆಮಾರಿನ ಅಂತರ ವಂಶವಾಹಿಗೆ ದೊಡ್ಡದೇನಲ್ಲ.

ಇದು ಬರೀ ಊಹೆಯೂ ಅಲ್ಲ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ತಂಗರಾಜ್ ಹಾಗೂ ಹಾರ್ವರ್ಡಿನ ಡೇವಿಡ್ ರೀಚ್ ಅವರ ತಂಡಗಳು 2017ರಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ 81 ಗುಂಪುಗಳು ಯುರೋಪಿನ ಅಶ್ಕೆನಾಜಿ ಯಹೂದಿಗಳಿಗಿಂತಲೂ, ಫಿನ್ಲೆಂಡಿನವರಿಗಿಂತಲೂ ಬಿಗಿಯಾದ ಇಂತಹ ಪೂರ್ವಜ ಪರಿಣಾಮಕ್ಕೆ ಒಳಗಾಗಿರುವುದು ಕಂಡುಬಂತು. ಅವುಗಳಲ್ಲಿ 14 ಗುಂಪುಗಳ ಜನಸಂಖ್ಯೆ ಹತ್ತು ಲಕ್ಷ ಮೀರಿದ್ದು. ದಕ್ಷಿಣದ ವೈಶ್ಯ ಸಮುದಾಯದಲ್ಲಿ ಒಂದು ಕಿಣ್ವದ ಕೊರತೆ ಹೆಚ್ಚು, ಹಾಗಾಗಿ ಅರಿವಳಿಕೆಯಲ್ಲಿ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧದ ಪರಿಣಾಮ ಅವರಲ್ಲಿ ಕೆಲವರಿಗೆ ಗಂಟೆಗಟ್ಟಲೆ ಇಳಿಯುವುದಿಲ್ಲ ಎಂಬುದು ಅರಿವಳಿಕೆ ವೈದ್ಯರಿಗೆ ಹಳೆಯ ಸಂಗತಿ. ಅವರು ಅದನ್ನು ಕೇಳಿ ತಿಳಿದುಕೊಂಡು ಎಚ್ಚರ ವಹಿಸುತ್ತಾರೆ, ಅಷ್ಟೇ. ಯಾರೂ ಆ ಸಮುದಾಯಕ್ಕೆ ಕಳಂಕ ಹಚ್ಚಲಿಲ್ಲ. ವಂಶವಾಹಿಯ ತಿಳಿವಳಿಕೆಯನ್ನು ಬಳಸಬೇಕಾದ್ದು ಹೀಗೆ ಎಂದು ನನಗನ್ನಿಸುತ್ತದೆ.

ಜಿಎನ್‌ಇಗೆ ಮರಳಿದರೆ, ಭಾರತದ ಚಿತ್ರ ಇರಾನಿ ಯಹೂದಿಗಳಷ್ಟು ಸಪಾಟಾಗಿಲ್ಲ. ಇಲ್ಲಿನ ಬಹಳಷ್ಟು ರೋಗಿಗಳಲ್ಲಿ ಒಂದು ಪ್ರತಿಯಲ್ಲಿ 727ರ ರೂಪಾಂತರವಿದ್ದರೆ ಇನ್ನೊಂದರಲ್ಲಿ ಬೇರೆಯದೇ ರೂಪಾಂತರವಿರುತ್ತದೆ. ಇಷ್ಟು ಸಾಮಾನ್ಯವಾದ ರೂಪಾಂತರವಾದರೆ ಎರಡೂ ಪ್ರತಿಗಳಲ್ಲಿ ಅದೇ ಇರುವ ರೋಗಿಗಳು ಇನ್ನಷ್ಟು ಸಿಗಬೇಕಿತ್ತಲ್ಲ? ಜಪಾನಿನ 207ರ ರೂಪಾಂತರದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಎರಡೂ ಪ್ರತಿಗಳಲ್ಲಿ ಅದೇ ಇರುವವರಲ್ಲಿ ಕಾಯಿಲೆ ಸೌಮ್ಯವಾಗಿರುತ್ತದೆ, ಕೆಲವರಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ, ಆದ್ದರಿಂದ ಅವರು ಆಸ್ಪತ್ರೆಯ ಲೆಕ್ಕಕ್ಕೇ ಬರುವುದಿಲ್ಲ ಎಂಬುದು ಅಲ್ಲಿ ಸಿಕ್ಕ ಉತ್ತರ. ನಮ್ಮ 727ರ ವಿಷಯದಲ್ಲೂ ಹಾಗೆಯೇ ಇರಬಹುದು ಎಂದು ಶಂಕಿಸಲು ಆಧಾರವಿದೆ. ಇರಾನಿ ಯಹೂದಿಗಳಲ್ಲೂ, ಎರಡೂ ಪ್ರತಿ ಕೆಟ್ಟಿದ್ದರೂ ಇಳಿವಯಸ್ಸಿನವರೆಗೆ ಕಾಯಿಲೆ ಕಾಣಿಸದ ಕೆಲವರು ವರದಿಯಾಗಿದ್ದಾರೆ. ಒಂದೇ ತಾಯಿಯ ಮಕ್ಕಳು, ಒಂದೇ ಜೋಡಿ ರೂಪಾಂತರ. ಆದರೂ ಅಣ್ಣ ಗಾಲಿಕುರ್ಚಿಯಲ್ಲಿ, ತಂಗಿ ಕೋಲು ಹಿಡಿದು ನಡೆಯುವಷ್ಟು ಸುಸ್ಥಿತಿಯಲ್ಲಿ ಇರುವುದು ಈ ಕಾಯಿಲೆಯಲ್ಲಿ ಅಸಂಭವವಲ್ಲ. ವರದಿಯಲ್ಲಿರುವ ಅಕ್ಷರಗಳನ್ನು ಜಾತಕದಂತೆ ಓದುವವರಿಗೆ ಇದು ಅರ್ಥವಾಗಬೇಕು.

ವರದಿಯ ಮಾತು ಬಂತು. ಹಿಂದೆ ಈ ಕಾಯಿಲೆಯನ್ನು ಖಚಿತಪಡಿಸಲು ಸ್ನಾಯು ಬಯಾಪ್ಸಿ ಬೇಕೇ ಬೇಕಿತ್ತು. ಈಗ ರಕ್ತದಿಂದಲೇ ವಂಶವಾಹಿ ಪರೀಕ್ಷೆ ಸಾಧ್ಯ; ಬೆಂಗಳೂರಿನಲ್ಲೇ ಹಲವು ಪ್ರಯೋಗಾಲಯಗಳಿವೆ. ಆದರೆ ಪರೀಕ್ಷೆ ಸುಲಭವಾದಷ್ಟು ವರದಿ ಓದುವುದು ಸುಲಭವಾಗಿಲ್ಲ. ಒಂದು ತೊಡಕು, ಸಂಖ್ಯೆಗಳದ್ದು. ಈ ಕಿಣ್ವಕ್ಕೆ ಗಿಡ್ಡ ಮತ್ತು ಉದ್ದ ರೂಪಗಳಿದ್ದು, ಮೊದಲು 722 ಅಮೈನೋ ಆಮ್ಲಗಳ ಗಿಡ್ಡ ರೂಪದ ಮೇಲೆ ಲೆಕ್ಕ ಹಾಕುತ್ತಿದ್ದರು. 2014ರಲ್ಲಿ ಸಂಶೋಧಕರು ಕಾಯಿಲೆಗೆ ಒಂದೇ ಹೆಸರು ಒಪ್ಪಿಕೊಂಡಾಗ ಲೆಕ್ಕವನ್ನೂ 753ರ ಉದ್ದ ರೂಪಕ್ಕೆ ಬದಲಾಯಿಸಿದರು. ಹಾಗಾಗಿ ಹಳೆಯ ಲೇಖನದ 696 ಹೊಸ ವರದಿಯಲ್ಲಿ 727 ಆಗಿದೆ, 712 ಎಂಬುದು 743 ಆಗಿದೆ. ಅಣ್ಣನ ಹಳೆಯ ವರದಿ, ತಮ್ಮನ ಹೊಸ ವರದಿ ಪಕ್ಕಪಕ್ಕ ಇಟ್ಟುಕೊಂಡು ಇಬ್ಬರದೂ ಬೇರೆ ಕಾಯಿಲೆ ಎಂದು ಯಾರಾದರೂ ಗಾಬರಿಯಾದರೆ ಅವರನ್ನು ದೂರುವಂತಿಲ್ಲ. 31 ಕೂಡಿಸಿದರೆ ಸರಿಹೋಗುತ್ತದೆ ಎಂದು ಹೇಳುವವರು ಬೇಕು.

ಇನ್ನೊಂದು ತೊಡಕು ಹೆಚ್ಚು ಗಂಭೀರ. ಈಗ ಸಾಮಾನ್ಯವಾಗಿ ಮಾಡುವ ಎಕ್ಸೋಮ್ ಪರೀಕ್ಷೆ ವಂಶವಾಹಿಯಲ್ಲಿ ಪ್ರೋಟೀನಿಗೆ ಸೂಚನೆ ಬರೆದಿರುವ ಭಾಗಗಳನ್ನು ಓದುತ್ತದೆ. ಕಾಯಿಲೆಯ ಲಕ್ಷಣಗಳೆಲ್ಲ ಇದ್ದೂ ಒಂದೇ ರೂಪಾಂತರ ಸಿಕ್ಕಿ, ಎರಡನೆಯದು ಸಿಗದ ರೋಗಿಗಳಿದ್ದರು. ಅಂಥ ಕೆಲವರಲ್ಲಿ ವಂಶವಾಹಿಯ ಆರಂಭಕ್ಕೂ ಮುಂಚಿನ, ಅದನ್ನು ಚಾಲೂ ಮಾಡುವ ಭಾಗದಲ್ಲಿ ಒಂದು ದೊಡ್ಡ ತುಂಡೇ ಕಾಣೆಯಾಗಿರುವುದು ಆಮೇಲೆ ಪತ್ತೆಯಾಯಿತು. ಮಾಮೂಲಿ ಪರೀಕ್ಷೆ ಅದನ್ನು ಸುಲಭವಾಗಿ ತಪ್ಪಿಸಿಬಿಡುತ್ತದೆ. ‘ಒಂದೇ ರೂಪಾಂತರ, ಆದ್ದರಿಂದ ಬರೀ ವಾಹಕ’ ಎಂದು ಷರಾ ಬರೆದು ಕೈತೊಳೆದುಕೊಂಡರೆ ಕಾಲು ಎತ್ತಲಾಗದ ಆ ಮನುಷ್ಯ ಮತ್ತೆ ಮೊದಲಿನ ಅಲೆದಾಟಕ್ಕೇ ಬೀಳುತ್ತಾನೆ. ಇದಲ್ಲದೆ, ಕಾಯಿಲೆ ತರುತ್ತದೋ ಇಲ್ಲವೋ ತಿಳಿಯದು ಎಂಬ ವರ್ಗಕ್ಕೆ ಸೇರುವ ರೂಪಾಂತರಗಳು ನಮ್ಮ ಜನರಲ್ಲಿ ಹೆಚ್ಚಾಗಿ ಸಿಗುತ್ತವೆ; ಹೋಲಿಸಿ ನೋಡಲು ಬೇಕಾದ ದತ್ತಾಂಶದಲ್ಲಿ ಭಾರತೀಯರ ಪಾಲು ಬಹುಕಾಲ ತೀರಾ ಕಡಿಮೆ ಇದ್ದುದರ ಫಲ ಇದು.

ಇನ್ನು ಮದ್ದಿನ ಕಥೆ. ಸಯಾಲಿಕ್ ಆಮ್ಲ ಕಡಿಮೆಯಾಗಿದೆ, ಹಾಗಾದರೆ ಹೊರಗಿನಿಂದ ಕೊಡೋಣ. ಸಾರಿಗೆ ಉಪ್ಪು ಕಡಿಮೆಯಾದರೆ ಮೇಲಿಂದ ಹಾಕಿಕೊಳ್ಳುವುದಿಲ್ಲವೇ ಎಂಬಷ್ಟು ಸಹಜವಾದ ತರ್ಕ. ಮೊದಲ ಪ್ರಯೋಗಗಳು ಆಸೆ ಹುಟ್ಟಿಸಿದವು. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಇರಾನಿ ಯಹೂದಿಗಳ ರೂಪಾಂತರವನ್ನೇ ಇಲಿಗಳಲ್ಲಿ ಕೂರಿಸಿದರು. ಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಸತ್ತವು, ಆದರೆ ಸ್ನಾಯುವಿನಿಂದಲ್ಲ, ಮೂತ್ರಪಿಂಡದ ತೊಂದರೆಯಿಂದ! ಮನುಷ್ಯರಲ್ಲಿ ಮೂತ್ರಪಿಂಡಕ್ಕೆ ಏನೂ ಆಗದ ಕಾಯಿಲೆ ಇದು. ತಾಯಿ ಇಲಿಗಳಿಗೆ ಸಯಾಲಿಕ್ ಆಮ್ಲದ ಹಿಂದಿನ ಹಂತದ ವಸ್ತುವಾದ ಮ್ಯಾನ್‌ನ್ಯಾಕ್ ಕೊಟ್ಟಾಗ ಕೆಲವು ಮರಿಗಳು ಬದುಕಿದವು. 2009ರಲ್ಲಿ ಟೋಕಿಯೋದ ತಂಡವೊಂದು ಜಪಾನಿನ ರೂಪಾಂತರವಿರುವ ಇಲಿಗಳಿಗೆ ಕಾಯಿಲೆ ಶುರುವಾಗುವ ಮುಂಚೆಯೇ ಸಯಾಲಿಕ್ ಆಮ್ಲ ಕೊಡುತ್ತ ಹೋಗಿ, ಸ್ನಾಯುರೋಗ ಬಾರದಂತೆ ತಡೆಯಿತು.

‘ಶುರುವಾಗುವ ಮುಂಚೆ’ ಎಂಬ ಮಾತಿನ ತೂಕ ಮನುಷ್ಯರ ಮೇಲಿನ ಪ್ರಯೋಗದಲ್ಲಿ ತಿಳಿಯಿತು. ಸಯಾಲಿಕ್ ಆಮ್ಲವನ್ನು ನೇರವಾಗಿ ನುಂಗಿದರೆ ಮೂತ್ರದಲ್ಲಿ ಬೇಗ ಹೋಗಿಬಿಡುತ್ತದೆ. ಅದಕ್ಕಾಗಿ ನಿಧಾನವಾಗಿ ಕರಗುವ ಮಾತ್ರೆಯನ್ನು ಅಲ್ಟ್ರಾಜೆನಿಕ್ಸ್ ಎಂಬ ಅಮೆರಿಕನ್ ಕಂಪನಿ ಸಿದ್ಧಪಡಿಸಿತು. ಎರಡನೇ ಹಂತದ ಪ್ರಯೋಗದಲ್ಲಿ ತೋಳಿನ ಬಲದಲ್ಲಿ ಒಂದಿಷ್ಟು ಅನುಕೂಲ ಕಂಡಂತಾಯಿತು. ಮೂರನೇ ಹಂತದಲ್ಲಿ ಹಲವು ದೇಶಗಳ 89 ರೋಗಿಗಳನ್ನು ಸೇರಿಸಿಕೊಂಡು, ಅರ್ಧದಷ್ಟು ಮಂದಿಗೆ ದಿನಕ್ಕೆ 6 ಗ್ರಾಂ ಔಷಧ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು 48 ವಾರ ನೋಡಿದರು. ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಕಂಪನಿ ಫಲಿತಾಂಶ ಪ್ರಕಟಿಸಿ ಕೈಬಿಟ್ಟಿತು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಜಪಾನಿನಲ್ಲಿ ತೊಹೊಕು ವಿಶ್ವವಿದ್ಯಾಲಯದ ವೈದ್ಯರು ಇದೇ ಔಷಧದ ಪ್ರಯೋಗಗಳನ್ನು ಸಣ್ಣ ಗುಂಪುಗಳಲ್ಲಿ ಮುಂದುವರಿಸಿದರು. ಅಲ್ಲಿನ ಸರ್ಕಾರ 2024ರ ಮಾರ್ಚ್‌ನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ನೊಬೆಲ್‌ಫಾರ್ಮಾ ಕಂಪನಿ ಅಸೆನೊಬೆಲ್ ಎಂಬ ಹೆಸರಿನಲ್ಲಿ ಮಾರುತ್ತದೆ. ಈ ಕಾಯಿಲೆಗೆ ಜಗತ್ತಿನಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧ ಅದು. ಒಂದು ಕಡೆ ಸೋತದ್ದು ಇನ್ನೊಂದು ಕಡೆ ಗೆಲ್ಲುವುದು ಹೇಗೆ? ಜಪಾನಿನ ವಾದವನ್ನು ತಳ್ಳಿಹಾಕುವಂತಿಲ್ಲ. ಇಷ್ಟು ನಿಧಾನವಾಗಿ ಸಾಗುವ ಕಾಯಿಲೆಯಲ್ಲಿ ಔಷಧ ಪಡೆಯದವರೂ ಒಂದು ವರ್ಷದಲ್ಲಿ ಹೆಚ್ಚು ಕುಸಿಯುವುದಿಲ್ಲ, ಹಾಗಿರುವಾಗ ವ್ಯತ್ಯಾಸ ಕಾಣುವುದು ಕಷ್ಟ. ರೋಗಿಗಳೇ ಸಿಗದಿರುವಲ್ಲಿ ದೊಡ್ಡ ಪ್ರಯೋಗ ಕೇಳುವುದೂ ಕಷ್ಟ. ಆದರೂ ಈ ಎರಡರಲ್ಲಿ ನನಗೆ ಹೆಚ್ಚು ಭಾರವಾಗಿ ಕಾಣುವುದು 89 ಮಂದಿಯ ಫಲಿತಾಂಶವೇ. ಔಷಧದಿಂದ ದೊಡ್ಡ ಲಾಭವಿದ್ದಿದ್ದರೆ ಅಲ್ಲಿ ಅದರ ನೆರಳಾದರೂ ಕಾಣಬೇಕಿತ್ತು. ಸ್ನಾಯು ಒಮ್ಮೆ ಕೊಬ್ಬಾಗಿ ಬದಲಾದ ಮೇಲೆ ಯಾವ ಮಾತ್ರೆಯೂ ಅದನ್ನು ಮರಳಿ ಸ್ನಾಯು ಮಾಡಲಾರದು. ಹಾಗಾದರೆ ಕಾಯಿಲೆ ತಲೆದೋರುವ ಮೊದಲೇ, ಇಪ್ಪತ್ತರ ವಯಸ್ಸಿನಲ್ಲೇ ಔಷಧ ಶುರುಮಾಡಬೇಕೇ? ಅದನ್ನು ತೂಗಿ ನೋಡಲು ಹತ್ತಾರು ವರ್ಷಗಳ ಪ್ರಯೋಗ ಬೇಕು. ಅಮೆರಿಕದಲ್ಲಿ ಮ್ಯಾನ್‌ನ್ಯಾಕ್ ಪ್ರಯೋಗವೂ ಮುಂದುವರಿದಿದೆ. ಸಯಾಲಿಕ್ ಆಮ್ಲದ ಕೊರತೆಯೊಂದೇ ಕಾರಣವಲ್ಲ, ಈ ಕಿಣ್ವಕ್ಕೆ ಸ್ನಾಯುಕೋಶದಲ್ಲಿ ಬೇರೆ ಕೆಲಸವೂ ಇದೆ ಎಂದು ವಾದಿಸುವ ಸಂಶೋಧಕರೂ ಇದ್ದಾರೆ. ಅವರ ಮಾತು ನಿಜವಾದರೆ ಇಪ್ಪತ್ತು ವರ್ಷ ನಾವು ತಪ್ಪು ಬಾಗಿಲು ತಟ್ಟಿದ್ದೇವೆ.

ಹಾಗಾದರೆ ಮದ್ದಿಲ್ಲದ ಕಾಯಿಲೆಯ ರೂಪಾಂತರ ತಿಳಿದು ಪ್ರಯೋಜನವೇನು? ಮೊದಲನೆಯದಾಗಿ, ಬೇಡದ ಚಿಕಿತ್ಸೆ ತಪ್ಪುತ್ತದೆ. ಈ ಕಾಯಿಲೆಯಲ್ಲಿ, ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಸಿಪಿಕೆ ಎಂಬ ಕಿಣ್ವದ ಮಟ್ಟ ಸರಿಯಾಗಿಯೇ ಇರಬಹುದು, ಅಥವಾ ಕೆಲವು ಪಟ್ಟು ಮಾತ್ರ ಏರಿರಬಹುದು. ಅದನ್ನು ಸ್ನಾಯುವಿನ ಉರಿಯೂತ ಎಂದುಕೊಂಡು ತಿಂಗಳುಗಟ್ಟಲೆ ಸ್ಟೀರಾಯ್ಡ್ ಕೊಡುವುದಿದೆ. ಅದರಿಂದ ಮೈ ಊದುತ್ತದೆ, ಮೂಳೆ ಸವೆಯುತ್ತದೆ, ಕಾಲು ಮಾತ್ರ ಸರಿಹೋಗುವುದಿಲ್ಲ. ಬೆನ್ನಿನ ಶಸ್ತ್ರಚಿಕಿತ್ಸೆಯವರೆಗೂ ಹೋದವರಿರಬಹುದು. ಪಾದ ಸೋತಿದ್ದು ತೊಡೆಯ ಮುಂಭಾಗ ಗಟ್ಟಿಯಾಗಿರುವ ತರುಣ ತರುಣಿಯರನ್ನು ಕಂಡರೆ ಜಿಎನ್‌ಇ ನೆನಪಾಗಬೇಕು ಎಂಬ ಒಂದು ವಾಕ್ಯ ಜಿಲ್ಲಾ ಆಸ್ಪತ್ರೆಯ ವೈದ್ಯರಿಗೆ, ಮೂಳೆ ತಜ್ಞರಿಗೆ ತಲುಪಿದರೆ ಎಷ್ಟೋ ವರ್ಷಗಳ ಅಲೆದಾಟ ಉಳಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ನರಸ್ನಾಯು ತಜ್ಞರು ಭಾರತದ ಜಿಎನ್‌ಇ ರೋಗಿಗಳ ಬಗ್ಗೆ ಬಹುಕಾಲದಿಂದ ಬರೆಯುತ್ತ ಬಂದಿದ್ದಾರೆ. ತಿಳಿವಳಿಕೆ ನಮ್ಮ ಊರಿನಲ್ಲೇ ಇದೆ. ಅದು ನಿಮ್ಹಾನ್ಸ್ ಇರುವ ಹೊಸೂರು ರಸ್ತೆ ದಾಟಿ ಹೊರಬರಬೇಕಷ್ಟೆ.

ಎರಡನೆಯದು ಕಾಲಿಗೆ ಹಾಕುವ ಹಗುರವಾದ ಪ್ಲಾಸ್ಟಿಕ್ ಪಟ್ಟಿ. ಪಾದ ಕೆಳಗೆ ಬೀಳದಂತೆ ಹಿಡಿಯುವ ಈ ಸಾಧನ ಎಡವಿ ಬೀಳುವುದನ್ನು ತಪ್ಪಿಸುತ್ತದೆ. ಸುದ್ದಿಯಾಗುವ ವಸ್ತುವಲ್ಲ, ಕೋಟಿ ರೂಪಾಯಿಯ ಔಷಧವೂ ಅಲ್ಲ, ಆದರೆ ಒಬ್ಬರು ಇನ್ನಷ್ಟು ವರ್ಷ ಬಸ್ಸು ಹತ್ತಿ ಕೆಲಸಕ್ಕೆ ಹೋಗಲು ಅದು ಸಾಕಾಗಬಹುದು.

ಮೂರನೆಯದು ಹಣದ ಮತ್ತು ಹಕ್ಕಿನ ಪ್ರಶ್ನೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ ಕಾಯಿಲೆಗಳನ್ನು ಮೂರು ಗುಂಪು ಮಾಡುತ್ತದೆ: ಒಂದೇ ಬಾರಿಯ ಚಿಕಿತ್ಸೆಯಿಂದ ಗುಣವಾಗುವವು, ದೀರ್ಘಕಾಲ ಆದರೆ ಕಡಿಮೆ ವೆಚ್ಚದ ಚಿಕಿತ್ಸೆ ಇರುವವು, ಅತಿ ದುಬಾರಿ ಚಿಕಿತ್ಸೆ ಬೇಕಾದವು. ನೆರವು 50 ಲಕ್ಷ ರೂಪಾಯಿಯವರೆಗೆ. ಕರ್ನಾಟಕದಲ್ಲಿ ಅದರ ಉತ್ಕೃಷ್ಟತಾ ಕೇಂದ್ರ ಇರುವುದು ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಜಂಟಿ ಆಶ್ರಯದಲ್ಲಿ. ಗಮನಿಸಿ, ಮೂರೂ ಗುಂಪುಗಳ ಅಳತೆಗೋಲು ಚಿಕಿತ್ಸೆಯೇ. ಚಿಕಿತ್ಸೆಯೇ ಇಲ್ಲದ ಕಾಯಿಲೆಗೆ ಈ ಚೌಕಟ್ಟಿನಲ್ಲಿ ಜಾಗ ಹುಡುಕುವುದು ಕಷ್ಟ. ರೋಗನಿರ್ಣಯ, ಆಪ್ತಸಲಹೆ, ಫಿಸಿಯೋಥೆರಪಿ, ರೋಗಿಗಳ ನೋಂದಣಿ ಇವಕ್ಕೆ ಬೇಕಾದ ಮೊತ್ತ ಒಬ್ಬ ರೋಗಿಗೆ 50 ಲಕ್ಷದ ಹತ್ತಿರವೂ ಸುಳಿಯುವುದಿಲ್ಲ. ಆದರೂ ನೀತಿಯ ಗಮನವೆಲ್ಲ ದುಬಾರಿ ಔಷಧದ ಮೇಲೆಯೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ವಿಷಯದಲ್ಲಿ ಮುಂದಿದೆ. ಅದರ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಸ್ನಾಯುಕ್ಷಯವೂ ಇದ್ದು, ಅದರ ವಿವರಣೆಯಲ್ಲಿ ವಂಶವಾಹಿಯ ದೋಷದ ಪ್ರಸ್ತಾಪವೇ ಇದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರ ಕೈಯಲ್ಲಿ ಖಚಿತವಾದ ವಂಶವಾಹಿ ವರದಿ ಇದ್ದರೆ ವೈದ್ಯಕೀಯ ಮಂಡಳಿಯ ಮುಂದೆ ವಾದಿಸುವ ಪ್ರಮೇಯ ಕಡಿಮೆಯಾಗುತ್ತದೆ.

ಉಳಿದದ್ದು ಮದುವೆಯ ವಿಷಯ, ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಖಚಿತವಾದರೆ ಅವರ ಒಡಹುಟ್ಟಿದವರು ವಾಹಕರೇ ಎಂದು ಪರೀಕ್ಷಿಸುವುದು ಸಾಧ್ಯ. ಆದರೆ ಅವರಲ್ಲೇ ಯಾರಿಗಾದರೂ ಎರಡೂ ಪ್ರತಿ ಕೆಟ್ಟಿರುವುದು ಗೊತ್ತಾದರೆ, ಹತ್ತು ವರ್ಷ ಮುಂದೆ ಬರಬಹುದಾದ, ಬಾರದೆಯೂ ಇರಬಹುದಾದ, ಮದ್ದಿಲ್ಲದ ಕಾಯಿಲೆಯ ಸುದ್ದಿಯನ್ನು ಇಂದೇ ಹೊತ್ತುಕೊಂಡು ಬದುಕಬೇಕಾಗುತ್ತದೆ. ಹದಿನೆಂಟು ತುಂಬದ ಮಕ್ಕಳಿಗೆ ಇಂತಹ ಪರೀಕ್ಷೆ ಮಾಡಬಾರದು ಎಂಬುದು ತಜ್ಞರ ಸಾಮಾನ್ಯ ನಿಲುವು. ನನಗೂ ಅದು ಸರಿ ಎನಿಸುತ್ತದೆ, ತಿಳಿಯುವ ಹಕ್ಕಿನಷ್ಟೇ ತಿಳಿಯದಿರುವ ಹಕ್ಕೂ ಅವರದೇ ಆದ್ದರಿಂದ. ಭ್ರೂಣದ ಪರೀಕ್ಷೆಯ ಪ್ರಶ್ನೆಗೆ ಅಷ್ಟು ಸಲೀಸಾದ ಉತ್ತರ ನನ್ನಲ್ಲಿಲ್ಲ. ಮೂವತ್ತು ವರ್ಷ ಆರೋಗ್ಯವಾಗಿ ಬದುಕಿ, ಆಮೇಲೂ ತಲೆ, ಹೃದಯ, ದುಡಿಮೆಯ ಉತ್ಸಾಹ ಎಲ್ಲ ಸರಿಯಾಗಿಯೇ ಇರುವವರ ಕಾಯಿಲೆಯನ್ನು, ಮಗು ಬದುಕುಳಿಯುವುದೇ ಅನುಮಾನವಿರುವ ಕಾಯಿಲೆಗಳ ಸಾಲಿನಲ್ಲಿ ನಿಲ್ಲಿಸಲು ಮನಸ್ಸು ಒಪ್ಪುವುದಿಲ್ಲ. ತೀರ್ಮಾನ ದಂಪತಿಗಳದು. ಆದರೆ ಅದಕ್ಕೆ ಮುಂಚೆ ಅವರ ಎದುರು ಕುಳಿತು ಒಂದು ಗಂಟೆ ಕನ್ನಡದಲ್ಲಿ ಎಲ್ಲವನ್ನೂ ಬಿಡಿಸಿ ಹೇಳುವ ಆಪ್ತಸಲಹೆಗಾರರು ನಮ್ಮಲ್ಲಿ ಬೆರಳೆಣಿಕೆಯಷ್ಟೇ ಇದ್ದಾರೆ.

ಇನ್ನೊಂದು ಕೆಲಸ ಈಗಲೇ ಆಗಬೇಕಾದದ್ದು. ಜಪಾನಿನಲ್ಲಿ ಒಪ್ಪಿಗೆ ಪಡೆದ ಔಷಧ ನೋಡಿರುವುದು ಅಲ್ಲಿನ ರೋಗಿಗಳನ್ನು, ಅಂದರೆ ಮುಖ್ಯವಾಗಿ 603 ಮತ್ತು 207ರ ರೂಪಾಂತರಗಳನ್ನು. ನಮ್ಮ 727ರ ರೋಗಿಗಳಲ್ಲಿ ಕಾಯಿಲೆ ಯಾವ ವೇಗದಲ್ಲಿ ಸಾಗುತ್ತದೆ, ಎಷ್ಟನೇ ವರ್ಷಕ್ಕೆ ಯಾವ ಸ್ನಾಯು ಸೋಲುತ್ತದೆ ಎಂಬುದನ್ನು ದೇಶದ ಬೇರೆ ಬೇರೆ ಆಸ್ಪತ್ರೆಗಳು ಒಂದೇ ಅಳತೆಯಲ್ಲಿ, ವರ್ಷವರ್ಷವೂ ದಾಖಲಿಸಿಟ್ಟಿರದಿದ್ದರೆ, ನಾಳೆ ಯಾವುದೇ ಔಷಧ ಇಲ್ಲಿಗೆ ಬಂದರೂ ಅದು ಕೆಲಸ ಮಾಡಿತೋ ಇಲ್ಲವೋ ಎಂದು ಹೇಳಲು ನಮ್ಮ ಬಳಿ ಹೋಲಿಕೆಗೆ ಏನೂ ಇರುವುದಿಲ್ಲ.